ತಾಮ್ರದ ಬಾಣಲೆ ತಿರುಗಿಸಿದ ಕೈ

ಇಬಾರ್ರಾ
೬ ಆಗಸ್ಟ್ ೨೦೧೨

ಅಂಬುಕಿಯಲ್ಲಿ ವಾಸವಾಗಿರುವ ಸಹೋದರಿ ತಾರ್ಹೇಲಿಯಾ ರೆಕಾಲ್ಡೆಯ ಸಮ್ಮುಖಕ್ಕೆ,

ಕೆಳಗೆ ಸಹಿ ಮಾಡಿರುವ, ನಿನ್ನ ಹಿರಿಯ ಸಹೋದರನಾದ ಅನಿಬಾಲ್ ರೆಕಾಲ್ಡೆಯು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಅಮ್ಮನ ಅಂತ್ಯಕ್ರಿಯೆಯ ದಿನ ಚರ್ಚಿನ ಮೆಟ್ಟಿಲಿನ ಮೇಲೆ ನಾವಿಬ್ಬರೂ ಪರಸ್ಪರ ಬೆನ್ನು ಮಾಡಿ ಇಳಿದು ಹನ್ನೊಂದು ವರ್ಷ ಸಂದಿತು. ಅಂದಿನ ಮಾತುಗಳನ್ನು ಮರುಕಳಿಸುವುದು ಈ ಪತ್ರದ ಉದ್ದೇಶವಲ್ಲ. ಉದ್ದೇಶ ಒಂದೇ, ಅದನ್ನು ಕೂಡಲೇ ನಿವೇದಿಸುತ್ತೇನೆ.

ಬರುವ ಅಕ್ಟೋಬರ್ ಹದಿನಾಲ್ಕರ ಭಾನುವಾರ ಊರಿನ ಸಂಸ್ಕೃತಿ ಭವನದಲ್ಲಿ ಕುಟುಂಬಗಳಿಗಾಗಿ ಐಸ್‌ಕ್ರೀಮ್ ಮಾಡುವ ತರಗತಿಯೊಂದನ್ನು ಏರ್ಪಡಿಸಲಾಗಿದೆ. ನಮ್ಮ ಲ್ಯಾಟಿನ್ ಅಮೆರಿಕದ ನಾನಾ ದೇಶಗಳವರು ಒಂದೆಡೆ ಕೂಡುವ ಹಬ್ಬವೆಂದು ಅದನ್ನು ಕರೆದಿದ್ದಾರೆ. ಇಪ್ಪತ್ತು ಕುಟುಂಬಗಳು ಹೆಸರು ಕೊಟ್ಟಿವೆ. ಗಡಿಯಾಚೆಯ ಪಾಸ್ತೊದಿಂದ ಬಂದು ಇಲ್ಲಿ ನೆಲೆಸಿದವರು, ಪೆರುವಿನ ಒಂದು ಸಂಸಾರ, ಆಸ್ಪತ್ರೆಯಲ್ಲಿರುವ ಕ್ಯೂಬಾದ ವೈದ್ಯೆ ಮತ್ತು ಆಕೆಯ ತಾಯಿ, ಒತವಾಲೊದ ನೇಕಾರರು, ಹೀಗೆ. ಪ್ರತಿ ಕುಟುಂಬವೂ ತನ್ನ ಊರಿನ ಹಣ್ಣನ್ನು ತರುತ್ತದೆ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಮೇಜಿಗೊಂದರಂತಿರುವ ಬಾಣಲೆಯ ಸುತ್ತ ನಿಂತು, ಮಂಜುಗಡ್ಡೆ, ಹುಲ್ಲು ಮತ್ತು ಕಲ್ಲುಪ್ಪಿನ ಹಾಸಿನ ಮೇಲೆ ಅದನ್ನು ಕೈಯಿಂದ ತಿರುಗಿಸಿ, ನಮ್ಮ ಊರಿನ ರೀತಿಯಲ್ಲಿ ಐಸ್‌ಕ್ರೀಮ್ ಮಾಡಲು ಕಲಿಯಬೇಕೆಂಬುದು ಏರ್ಪಾಡು. ಕಲಿಸುವ ಗುರುವೆಂದು ನನ್ನ ಹೆಸರನ್ನು ಮುದ್ರಿಸಿ ಗೋಡೆಗಳಿಗೆ ಅಂಟಿಸಿದ್ದಾರೆ. ಈ ಗೌರವವನ್ನು ನಾನಾಗಿ ಕೇಳಿ ಪಡೆದದ್ದಲ್ಲವೆಂದು ಇಲ್ಲಿ ದಾಖಲಿಸುತ್ತೇನೆ.

ಆದಕಾರಣ, ನಿನ್ನ ವಶದಲ್ಲಿರುವ ಅಮ್ಮನ ತಾಮ್ರದ ಬಾಣಲೆಯನ್ನು ಆ ಒಂದು ದಿನದ ಮಟ್ಟಿಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ. ಬಸ್ ಕಚೇರಿಯ ಪಾರ್ಸೆಲ್ ಮೂಲಕ ಕಳುಹಿಸಿದರೆ ಸಾಕು. ಮರುದಿನವೇ ಕಂಬಳಿಯಲ್ಲಿ ಸುತ್ತಿ ಹಿಂದಿರುಗಿಸುತ್ತೇನೆ. ನೀನೇ ಬರುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ನನ್ನ ಆರೋಗ್ಯ ಸಮರ್ಪಕವಾಗಿದೆ.

ಇಂತು,
ಅನಿಬಾಲ್ ರೆಕಾಲ್ಡೆ

*

ಅಂಬುಕಿ
೧೯ ಆಗಸ್ಟ್ ೨೦೧೨

ಅಣ್ಣನಿಗೆ,

ನಿನ್ನ ಪತ್ರವನ್ನು ಬಸ್ ಕಂಡಕ್ಟರ್ ತಂದುಕೊಟ್ಟ. ಲಕೋಟೆಯ ಮೇಲೆ ನೀನು ಒತ್ತಿರುವ ಮೂರು ಮುದ್ರೆಗಳನ್ನು ನೋಡಿ ನನ್ನ ಗಂಡ ಅರ್ಸೆನಿಯೊ ಗಾಬರಿಯಾದ.

"ಏನೇ ಇದು? ಯಾವ ಕೋರ್ಟಿಂದ ಬಂತು?"

"ಕೋರ್ಟಲ್ಲ ಮಾರಾಯ, ನಮ್ಮಣ್ಣ."

"ಹಂಗಾದ್ರೆ ಕೋರ್ಟೇ ವಾಸಿಯಾಗಿತ್ತು" ಎಂದು ಟೊಮೆಟೊ ತೋಟಕ್ಕೆ ಹೊರಟುಹೋದ.

ಬಾಣಲೆಯನ್ನು ಕೊಡಲಾರೆ. ಅದು ದಿನವೂ ಹೆದ್ದಾರಿಯ ಬದಿಯಲ್ಲಿ, ನನ್ನ ಚಪ್ಪರದ ಕೆಳಗೆ ಕೆಲಸ ಮಾಡುತ್ತದೆ. ಗಾಜಿನ ಹಿಂದೆ ಕುಳಿತು ಹೊಳೆಯುವ ಬಾಣಲೆ ಅದಲ್ಲ. ಅಂಥದೊಂದು ನಿನ್ನ ಬಳಿಯೇ ಇದೆಯಲ್ಲ.

ಪರದೆಯ ಹಿಂದಿನ ನಿನ್ನ ಯಂತ್ರ ಹೇಗಿದೆ? ನನಗೆ ತಿಳಿಯದೆಂದು ತಿಳಿದಿದ್ದೆಯೇನು? ನಾನು ಆ ಮನೆ ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ನಿನ್ನ ಅಂಗಡಿಯ ಐಸ್‌ಕ್ರೀಮ್ ಮಾಡಿದ್ದು ಆ ಕರೆಂಟಿನ ಯಂತ್ರ. ನೀನು ಗಾಜಿನ ಮುಂದೆ ಶುಭ್ರವಾದ ಏಪ್ರನ್ ಕಟ್ಟಿಕೊಂಡು ಬಾಣಲೆಯಲ್ಲಿ ಬಣ್ಣದ ನೀರು ತಿರುಗಿಸುತ್ತೀಯ, ಊರಿಗೆ ಬಂದವರು ಫೋಟೊ ತೆಗೆದುಕೊಳ್ಳುತ್ತಾರೆ. ಲಾರಿಯವರು ಎರಡೂ ಕಡೆ ತಿನ್ನುತ್ತಾರೆ, ಅಣ್ಣ. ಅವರ ನಾಲಿಗೆಗೆ ಪರದೆ ಇಲ್ಲ.

ಅಮ್ಮನ ಮಂಡಿ ಸೋತ ಮೇಲೆ ಆ ಮನೆಯಲ್ಲಿ ಬಾಣಲೆ ತಿರುಗಿಸಿದ್ದು ನನ್ನ ಕೈ. ತೊಂಬತ್ತಮೂರರಲ್ಲಿ ಕುಶಲಕರ್ಮಿಗಳ ಸಂಘದವರು ಮಾದರಿ ಕೇಳಿದಾಗ ಕಳುಹಿಸಿದ್ದು ನಾನು ಮಾಡಿದ ಮೋರಾ ಹಣ್ಣಿನ ಐಸ್‌ಕ್ರೀಮ್. ಅರ್ಜಿ ಬರೆದದ್ದು ನೀನು. ಗುರುವೆಂಬ ಪ್ರಮಾಣಪತ್ರ ಬಂದದ್ದು ನಿನ್ನ ಹೆಸರಿಗೆ. ಅಂದೇ ನಾನು ಹೊರಟೆ. ಅಮ್ಮ ಬಾಣಲೆಯನ್ನು ತಂದು ನನ್ನ ಗಂಟಿನ ಮೇಲಿಟ್ಟಳು.

ಈಗ ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಆ ಭಾನುವಾರ ಇಪ್ಪತ್ತು ಕುಟುಂಬಗಳ ಎದುರಿಗೆ ಪರದೆ ಇರುವುದಿಲ್ಲ. ನಿನಗೆ ಬೇಕಾಗಿರುವುದು ಬಾಣಲೆಯೋ, ಅದನ್ನು ತಿರುಗಿಸುವ ಕೈಯೋ, ಸರಿಯಾಗಿ ಯೋಚಿಸಿ ಬರೆ.

ತಾರ್ಹೇಲಿಯಾ

*

ಇಬಾರ್ರಾ
೨೭ ಆಗಸ್ಟ್ ೨೦೧೨

ಸಹೋದರಿ ತಾರ್ಹೇಲಿಯಾಗೆ,

ನಿನ್ನ ಪತ್ರದಲ್ಲಿರುವ ಆಪಾದನೆಗಳಿಗೆ ಕ್ರಮವಾಗಿ ಉತ್ತರಿಸುವುದು ನನ್ನ ಕರ್ತವ್ಯವಾಗಿದೆ.

ಯಂತ್ರವೆಂಬುದು ಅಪರಾಧವಲ್ಲ. ನೀನು ಒಂದೇ ದಿನದಲ್ಲಿ ಹೊರಟುಹೋದಾಗ ಅಮ್ಮನ ಔಷಧವೂ ಅಂಗಡಿಯ ಬಾಗಿಲೂ ನನ್ನ ಮೇಲೆ ಬಿದ್ದವು. ಹದಿನೆಂಟನೆಯ ವಯಸ್ಸಿನಿಂದ ನೋಟರಿಯವರ ಕಚೇರಿಯಲ್ಲಿ ಅರ್ಜಿಗಳ ನಕಲು ತೆಗೆದವನ ಕೈಗೆ ಲೇಖನಿಯ ಹೊರತು ಬೇರೇನು ತಿಳಿದಿತ್ತು? ಬಾಗಿಲು ಮುಚ್ಚಬಾರದೆಂದು ಯಂತ್ರವನ್ನು ತಂದೆ. ಗಾಜಿನ ಮುಂದೆ ಕುಳಿತದ್ದು, ಕುಲದ ಗುರುತೊಂದು ಬೀದಿಗೆ ಕಾಣುತ್ತಿರಲೆಂದು.

ಅರ್ಜಿಯ ವಿಚಾರ. ಆ ನಮೂನೆಯಲ್ಲಿ ಹೆಸರು ಬರೆಯಲು ಒಂದೇ ಗೆರೆಯಿತ್ತು. ಒಂದು ಗೆರೆಯಲ್ಲಿ ಮನೆಯ ಹಿರಿಯನ ಹೆಸರನ್ನು ಬರೆಯುವುದು ವಾಡಿಕೆ. ನಾನು ವಾಡಿಕೆಯನ್ನು ಪಾಲಿಸಿದೆ.

ಬಾಣಲೆಯನ್ನು ನಿರಾಕರಿಸಿದ್ದೀಯ, ನನ್ನ ಬಳಿಯಿರುವುದರಲ್ಲಿಯೇ ಕಾರ್ಯವನ್ನು ನಿರ್ವಹಿಸುತ್ತೇನೆ. ಹಣ್ಣಿನ ರಸ, ಸಕ್ಕರೆ, ಮಂಜು, ಉಪ್ಪು, ತಿರುಗುವ ಲೋಹ. ಇದರಲ್ಲಿ ಒಬ್ಬ ಅಕ್ಷರಸ್ಥನಿಗೆ ಅಸಾಧ್ಯವಾದುದೇನೂ ನನಗೆ ಕಾಣುತ್ತಿಲ್ಲ.

ಈ ಪತ್ರವ್ಯವಹಾರವು ಇಲ್ಲಿಗೆ ಮುಕ್ತಾಯವಾಯಿತೆಂದು ಭಾವಿಸತಕ್ಕದ್ದು.

ಅನಿಬಾಲ್ ರೆಕಾಲ್ಡೆ

*

ಇಬಾರ್ರಾ
೧೬ ಸೆಪ್ಟೆಂಬರ್ ೨೦೧೨

ತಾರ್ಹೇಲಿಯಾ,

ಮುಕ್ತಾಯವಾಯಿತೆಂದು ಬರೆದವನೇ ಮತ್ತೆ ಬರೆಯುತ್ತಿದ್ದೇನೆ. ಇಪ್ಪತ್ತು ದಿನಗಳಲ್ಲಿ ನಿನ್ನಿಂದ ಒಂದು ಗೆರೆಯೂ ಬರಲಿಲ್ಲ. ದಿನವೂ ಬಸ್ ನಿಲ್ದಾಣದವರೆಗೆ ನಡೆದುಹೋಗುತ್ತೇನೆ. ಪಾರ್ಸೆಲ್ ಕಿಟಕಿಯ ಹೆಂಗಸು ನನ್ನನ್ನು ದೂರದಿಂದ ಕಂಡೊಡನೆ ತಲೆಯಾಡಿಸಿಬಿಡುತ್ತಾಳೆ.

ನಡೆದುದನ್ನು ಮುಚ್ಚುಮರೆಯಿಲ್ಲದೆ ನಿವೇದಿಸುತ್ತೇನೆ. ಶುಕ್ರವಾರ ಸಂಸ್ಕೃತಿ ಭವನದ ನೂಬಿಯಾ ಆಯಾಲಾ ಎಂಬ ಅಧಿಕಾರಿಯು ಪೂರ್ವಾಭ್ಯಾಸ ನೋಡಲು ಅಂಗಡಿಗೆ ಬಂದಳು. ತರಗತಿಯ ಹೊಣೆಯೆಲ್ಲ ಅವಳದೇ. ಒಳ್ಳೆಯ ಹುಡುಗಿ, ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ನಾನು ಹುಲ್ಲು ಹಾಸಿ, ಮಂಜುಗಡ್ಡೆ ಒಡೆದು ಹರಡಿ, ಕಲ್ಲುಪ್ಪು ಚೆಲ್ಲಿ, ಬಾಣಲೆಯನ್ನು ಕೂರಿಸಿ, ಅದರೊಳಗೆ ನರಂಹಿಯಾ ಹಣ್ಣಿನ ರಸವನ್ನು ಸುರಿದೆ. ಸುರಿದ ಮೇಲೆ ಸ್ವಾಗತ ಭಾಷಣವನ್ನು ಓದಿ ತೋರಿಸಿದೆ. ಎಂಟು ಪುಟವಿತ್ತು. ಅವಳು ನಡುವೆ ಎರಡು ಪ್ರಶ್ನೆ ಕೇಳಿದಳು. ಅವಕ್ಕೆ ವಿವರವಾಗಿ ಉತ್ತರಿಸಿದೆ. ಆಮೇಲೆ ತಿರುಗಿಸಿದೆ. ಅಂಚಿಗೆ ಕಲ್ಲಿನಂತೆ ಕಟ್ಟಿಕೊಂಡಿತು, ನಡುವೆ ನೀರಾಗಿಯೇ ಉಳಿಯಿತು. ಹೇಗೋ ಕೆರೆದು ಒಂದು ಚಮಚ ಕೊಟ್ಟೆ.

ಅವಳು ಬಾಯಲ್ಲಿಟ್ಟು, ಕಣ್ಣು ಕಿರಿದುಮಾಡಿ, "ದೋನ್ ಅನಿಬಾಲ್, ಬೇಜಾರು ಮಾಡ್ಕೋಬೇಡಿ. ಇದು ಬಾಗಿಲ ಚಿಲಕ ನೆಕ್ಕಿದಂಗಿದೆ" ಎಂದಳು.

ನಾನು ಏನು ಹೇಳಿದೆನೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. "ಅದೇ ಕಣಮ್ಮಾ ಹಳೇ ಕಾಲದ ನಿಜವಾದ ರುಚಿ. ಈಗಿನೋರಿಗೆ ಅಭ್ಯಾಸ ಇಲ್ಲ" ಎಂದೆ. ಅವಳು "ಓ, ಹೌದಾ!" ಎಂದು ಅದನ್ನೂ ಬರೆದುಕೊಂಡಳು.

ಅಂದಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಚೌಕದ ಸುತ್ತ ನಡೆಯುತ್ತೇನೆ. ಪ್ರತಿ ಗೋಡೆಯ ಮೇಲೂ ನನ್ನ ಹೆಸರಿದೆ. ಊಟದ ನಡುವೆ ಎದ್ದು ಖಾಲಿ ಬಾಣಲೆಯನ್ನು ತಿರುಗಿಸಿ ನೋಡುತ್ತೇನೆ. ಎಷ್ಟು ಸುತ್ತಿಗೆ ಒಮ್ಮೆ ನಿಲ್ಲಿಸಬೇಕು? ಕೈಯನ್ನು ಅಂಚಿನ ಎಲ್ಲಿ ಇಡಬೇಕು? ಮರದ ಸೌಟು ಯಾವಾಗ ಇಳಿಯಬೇಕು? ದಯವಿಟ್ಟು ವಿವರವಾಗಿ ಬರೆದು ಕಳುಹಿಸು. ಬರೆದುಕೊಟ್ಟದ್ದನ್ನು ತಪ್ಪಿಲ್ಲದೆ ಅನುಸರಿಸಬಲ್ಲೆ; ಅದು ನಿನಗೆ ತಿಳಿದೇ ಇದೆ.

ಉತ್ತರವನ್ನು ಎದುರು ನೋಡುವ,
ಅನಿಬಾಲ್

*

ಅಂಬುಕಿ
೨೨ ಸೆಪ್ಟೆಂಬರ್ ೨೦೧೨

ಅಣ್ಣ,

ಮೊದಲು ಆ ಹುಡುಗಿಯ ಬಳಿಗೆ ಹೋಗಿ ಅವಳು ಬರೆದುಕೊಂಡದ್ದನ್ನು ಅಳಿಸಿಹಾಕಿಸು. ಮಿಕ್ಕದ್ದು ಆಮೇಲೆ.

ನೀನು ಅವಳಿಗೆ ಕೊಟ್ಟದ್ದು ಕಿಲುಬು. ಹುಳಿ ರಸವನ್ನು ತಾಮ್ರದಲ್ಲಿ ನಿಲ್ಲಿಸಿ ಎಂಟು ಪುಟ ಓದುವವರನ್ನು ನಾನು ಕೇಳಿಯೇ ಇರಲಿಲ್ಲ. ಆ ಮನೆಯಲ್ಲಿ ಹುಟ್ಟಿ ಬೆಳೆದವನು ನೀನು! ರಸ ಒಳಗೆ ಬಿದ್ದರೆ ಬಾಣಲೆ ತಿರುಗುತ್ತಿರಬೇಕು, ತಿರುಗದಿದ್ದರೆ ಖಾಲಿಯಿರಬೇಕು. ಮೂರನೆಯದೊಂದು ಸ್ಥಿತಿ ಇಲ್ಲ. ಕಾರ್ಮೆನ್ ಮಾತೆಯ ಮೆರವಣಿಗೆ ನಮ್ಮ ಬಾಗಿಲ ಮುಂದೆ ಹಾದಾಗ ಬೀದಿಯೆಲ್ಲ ಮಂಡಿಯೂರುತ್ತಿತ್ತು, ಅಮ್ಮನೊಬ್ಬಳನ್ನು ಬಿಟ್ಟು. ಅವಳು ಬಲಗೈಯಲ್ಲಿ ಬಾಣಲೆ ತಿರುಗಿಸುತ್ತಲೇ ಎಡಗೈಯಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ದೂರು ಹೇಳಿದಾಗ ಪಾದ್ರಿಗಳು, "ಇರ್ಲಿ ಬಿಡ್ರಮ್ಮ. ದೇವ್ರು ಕಾಯ್ತಾನೆ, ಮೋರಾ ಕಾಯಲ್ಲ" ಎಂದಿದ್ದರು. ಆಗ ನೀನು ಎಲ್ಲಿದ್ದೆ? ಒಳಗಿನ ಕೋಣೆಯಲ್ಲಿ ಯಾರದೋ ಜಮೀನಿನ ಅರ್ಜಿಯ ನಕಲು ತೆಗೆಯುತ್ತಿದ್ದೆ.

ಎಷ್ಟು ಸುತ್ತೆಂದು ಕೇಳಿದ್ದೀಯ. ನಾನೆಂದೂ ಎಣಿಸಿಲ್ಲ. ನಿನಗಾಗಿ ನಿನ್ನೆ ಎಣಿಸಲು ಹೋದೆ. ಒಂದು ಬಾಣಲೆ ಓವೊ ಹಣ್ಣಿನ ರಸ ಹಾಳಾಯಿತು. ಕೈಗೆ ಬರುವುದು ಕಾಗದದಲ್ಲಿ ಬರುವುದಿಲ್ಲ. ತಂಪು ಹಿಡಿಯುತ್ತ ಬಂದಂತೆ ಬಾಣಲೆಯ ಸದ್ದು ಬದಲಾಗುತ್ತದೆ, ಆಗ ಕೈ ತಾನೇ ನಿಧಾನವಾಗುತ್ತದೆ. ಇದನ್ನು ಓದಿ ನಿನಗೇನು ತಿಳಿಯಿತು? ಏನೂ ಇಲ್ಲ. ಅದನ್ನೇ ಹೇಳುತ್ತಿದ್ದೇನೆ.

ಆದರೂ ಇಪ್ಪತ್ತು ಕುಟುಂಬಗಳ ಮಕ್ಕಳು ನಿನ್ನ ಕಿಲುಬು ತಿನ್ನುವುದು ನನಗೆ ಬೇಡ. ನಾನು ಬರುತ್ತೇನೆ, ಬಾಣಲೆಯನ್ನೂ ತರುತ್ತೇನೆ, ಕಲಿಸುತ್ತೇನೆ. ಒಂದೇ ಷರತ್ತು. ಮೊದಲ ಹಣ್ಣು ಹಿಂಡುವ ಮೊದಲು ನೀನು ಎಲ್ಲರೆದುರು ಎದ್ದುನಿಂತು, ಆ ಮನೆಯ ಬಾಣಲೆ ತಿರುಗಿಸಿದವರು ಯಾರೆಂದು ಹೇಳಬೇಕು. ಹೇಳದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗುತ್ತೇನೆ.

ತಾರ್ಹೇಲಿಯಾ

*

ಇಬಾರ್ರಾ
೩೦ ಸೆಪ್ಟೆಂಬರ್ ೨೦೧೨

ಪ್ರಿಯ ಸಹೋದರಿ,

ನೂಬಿಯಾಳ ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕಿಸಿದ್ದೇನೆ. ಕಾರಣ ಕೇಳಿದಳು, ಮರೆವೆಂದು ಹೇಳಿದೆ.

ನಿನ್ನ ಷರತ್ತನ್ನು ತತ್ತ್ವತಃ ಒಪ್ಪುತ್ತೇನೆ. ಅದರ ಜಾರಿಯ ವಿಧಾನದ ಬಗ್ಗೆ ಮಾತ್ರ ಒಂದು ವಿನಂತಿ. ಎಪ್ಪತ್ತೊಂದು ವರ್ಷದ ಮನುಷ್ಯ, ಊರೇ ಗೌರವದಿಂದ ದೋನ್ ಎಂದು ಕರೆಯುವವನು, ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಕ್ಕಿಂತ, ಈ ಕೆಳಗಿನ ಪ್ರಕಟಣೆಯನ್ನು ದಪ್ಪ ಕಾಗದದ ಮೇಲೆ ಸುಂದರವಾಗಿ ಬರೆದು ಭವನದ ಬಾಗಿಲಿಗೆ ತೂಗುಹಾಕಿದರೆ ಆಗದೇ? ಕರಡನ್ನು ನಿನ್ನ ಅನುಮೋದನೆಗಾಗಿ ಸಲ್ಲಿಸುತ್ತಿದ್ದೇನೆ:

"ಈ ಪುರಾತನ ಕಲೆಯನ್ನು ಉಳಿಸಿಕೊಂಡು ಬರುವಲ್ಲಿ ರೆಕಾಲ್ಡೆ ಕುಟುಂಬದ ಸಕಲ ಸದಸ್ಯರ, ವಿಶೇಷತಃ ಶ್ರೀಮತಿ ತಾರ್ಹೇಲಿಯಾ ಅವರ, ಅಮೂಲ್ಯ ಸಹಕಾರವನ್ನು ಕೃತಜ್ಞತಾಪೂರ್ವಕವಾಗಿ ಸ್ಮರಿಸಲಾಗಿದೆ."

"ವಿಶೇಷತಃ" ಎಂಬ ಪದವನ್ನು ಬಹಳ ಯೋಚಿಸಿ ಸೇರಿಸಿದ್ದೇನೆ.

ಅನಿಬಾಲ್

*

ಅಂಬುಕಿ
೪ ಅಕ್ಟೋಬರ್ ೨೦೧೨

ಅಣ್ಣ,

ಯಾರು ಸ್ಮರಿಸಿದ್ದು? ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ.

ಕಾಗದ ಬೇಡ. ಬಾಯಿ ಬೇಕು.

ತಾರ್ಹೇಲಿಯಾ

*

ಇಬಾರ್ರಾ
೧೦ ಅಕ್ಟೋಬರ್ ೨೦೧೨

ತಾರ್ಹೇಲಿಯಾ,

ನಿನ್ನೆ ನಾನು ಅಂಬುಕಿಗೆ ಬಂದಿದ್ದೆ.

ಬೆಳಗಿನ ಬಸ್ಸಿಗೆ ಹತ್ತಿದೆ. ಬೆಟ್ಟ ಇಳಿದು ಕಣಿವೆಯ ಸೆಕೆ ಮುಖಕ್ಕೆ ಹೊಡೆದಾಗ ಕೋಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಇಳಿಯುವಾಗ ಮತ್ತೆ ಹಾಕಿಕೊಂಡೆ. ಹೇಳಬೇಕಾದುದನ್ನು ದಾರಿಯುದ್ದಕ್ಕೂ ತಿದ್ದಿಕೊಳ್ಳುತ್ತಿದ್ದೆ. ನಿನ್ನ ಚಪ್ಪರ ರಸ್ತೆಯ ಆಚೆಗಿತ್ತು. ಈಚೆ ಬದಿಯಲ್ಲಿ ಹುರುಳಿಕಾಯಿಯ ಮೂಟೆಗಳನ್ನು ಇಳಿಸುತ್ತಿದ್ದರು. ಅವುಗಳ ಹಿಂದೆ ನಿಂತೆ.

ಒಬ್ಬ ಲಾರಿ ಡ್ರೈವರ್ ಬಟ್ಟಲು ಹಿಡಿದು, "ದೋನ್ಯಾ ತಾರ್ಹೇಲಿಯಾ, ಇವತ್ತು ಓವೊ ಹುಳಿ ಕಮ್ಮಿ ಆಯ್ತು ಕಣಮ್ಮ" ಎಂದ. ನೀನು ಅವನತ್ತ ನೋಡದೆಯೇ, "ನಿನ್ ಮುಖ ಒಂದ್ಸಲ ಬಟ್ಲಲ್ಲಿ ಅದ್ದು, ಸರಿಹೋಗುತ್ತೆ" ಎಂದೆ. ಎಲ್ಲರೂ ನಕ್ಕರು. ನಿನ್ನ ಕೈ ನಿಲ್ಲಲಿಲ್ಲ. ನೀನು ನೋಡುತ್ತಿದ್ದುದು ಹೆದ್ದಾರಿಯನ್ನು, ಬೈಯುತ್ತಿದ್ದುದು ಅವನನ್ನು. ಕೈ ಮಾತ್ರ ಬೇರೆಯವರ ಮಾತು ಕೇಳಿಸಿಕೊಳ್ಳುತ್ತಿರುವಂತೆ ತನ್ನಷ್ಟಕ್ಕೆ ತಿರುಗಿಸುತ್ತ, ಒಮ್ಮೆ ತಡೆದು, ಮತ್ತೆ ತಿರುಗಿಸುತ್ತಿತ್ತು. ಅಮ್ಮನೇ ಕುಳಿತಿದ್ದಾಳೆಂದು ನನಗೆ ಅನ್ನಿಸಿತು. ನಿನಗೆ ತಲೆ ಇಷ್ಟು ನೆರೆತಿದೆಯೆಂದು ನಾನು ಊಹಿಸಿರಲಿಲ್ಲ.

ಮೂಟೆ ಇಳಿಸುವವನು, "ಯಜಮಾನ್ರೇ, ರಸ್ತೆ ದಾಟ್ಬೇಕಾ? ಕೈ ಹಿಡ್ಕೊಳ್ಲಾ?" ಎಂದು ಕೇಳಿದ. ಬೇಡವೆಂದೆ. ಮುಕ್ಕಾಲು ಗಂಟೆ ನಿಂತಿದ್ದು ಹಿಂದಿರುಗುವ ಬಸ್ಸಿಗೆ ಹತ್ತಿದೆ.

ಇನ್ನು ನಾಲ್ಕು ದಿನ. ನೀನು ಬರುವೆಯೋ ಇಲ್ಲವೋ ತಿಳಿಯದು. ನಾನು ಏನು ಹೇಳುವೆನೆಂಬುದೂ ನನಗೆ ತಿಳಿಯದು. ಭಾಷಣವನ್ನು ಒಂಬತ್ತು ಸಲ ಬರೆದು ಹರಿದಿದ್ದೇನೆ. ಪ್ರತಿಯೊಂದರಲ್ಲೂ ನಿನ್ನ ಹೆಸರು ಬರುವ ಸಾಲಿಗೆ ಮುಟ್ಟಿದಾಗ, ನನ್ನ ಲೇಖನಿ ತನಗೆ ರೂಢಿಯಾದ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತದೆ.

ತರಗತಿ ಬೆಳಿಗ್ಗೆ ಹತ್ತಕ್ಕೆ.

ಅನಿಬಾಲ್

*

ಇಬಾರ್ರಾ
೧೭ ಅಕ್ಟೋಬರ್ ೨೦೧೨

ತಾರ್ಹೇಲಿಯಾ,

ನೀನು ಭವನದ ಬಾಗಿಲಿಗೆ ಯಾವ ಹೊತ್ತಿಗೆ ಬಂದೆಯೆಂಬುದು ನನಗೆ ತಿಳಿಯದು. ಮೂರು ದಿನಗಳಿಂದ ಅದೊಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಕಲಿಸುವಷ್ಟನ್ನೂ ಕಲಿಸಿ, ಬಾಣಲೆಯನ್ನು ಶಾಲಿನಲ್ಲಿ ಕಟ್ಟಿಕೊಂಡು, ನನ್ನತ್ತ ತಿರುಗಿಯೂ ನೋಡದೆ ಮೂರು ಗಂಟೆಯ ಬಸ್ಸಿಗೆ ಹೊರಟುಹೋದೆ. ಆದುದರಿಂದ ನೀನು ಕಾಣದೆ ಹೋಗಿರಬಹುದಾದುದನ್ನು ಬರೆಯುತ್ತೇನೆ.

ಹತ್ತು ಗಂಟೆಗೆ ಹಜಾರ ತುಂಬಿತ್ತು. ಹತ್ತು ಮೇಜು, ಹತ್ತು ಬಾಣಲೆ, ಮೇಜಿಗೆ ಎರಡು ಕುಟುಂಬ. ಆಗಲೇ ಜಗಳ ಶುರುವಾಗಿತ್ತು. ಪಾಸ್ತೊದ ಅಜ್ಜಿ ದೋನ್ಯಾ ರೊಸಾಲ್ಬಾ ತಮ್ಮ ಹಣ್ಣಿಗೆ ಲೂಲೊ ಎಂದೇ ಹೆಸರೆನ್ನುತ್ತಿದ್ದರು. ಅದೇ ಹಣ್ಣನ್ನು ನಮ್ಮ ಊರಿನವರು ನರಂಹಿಯಾ ಎನ್ನುತ್ತಿದ್ದರು. ಕ್ಯೂಬಾದ ವೈದ್ಯೆಯ ತಾಯಿ ಸೀಬೆಹಣ್ಣಿನ ಬುಟ್ಟಿಯನ್ನು ಅಪ್ಪಿಕೊಂಡು, "ಹೆಸ್ರು ಏನಾದ್ರೂ ಇಟ್ಕೊಳ್ಳಿ, ಸಕ್ರೆ ಮಾತ್ರ ನಮ್ಮ ದೇಶದವ್ರನ್ನ ಕೇಳಿ ಹಾಕಿ" ಎನ್ನುತ್ತಿದ್ದರು. ನೂಬಿಯಾ ನನ್ನನ್ನು ಗುರುವೆಂದು ಪರಿಚಯಿಸಿದಳು. ನಾನು ಬಾಗಿಲತ್ತ ನೋಡಿದೆ. ನೀನಿರಲಿಲ್ಲ.

ನನ್ನ ಜೇಬಿನಲ್ಲಿ ಹತ್ತನೆಯ ಭಾಷಣವಿತ್ತು. ಅದನ್ನು ತೆಗೆಯಲಿಲ್ಲ. "ನಮ್ಮನೆ ಬಾಣಲೆನ ನಾನು ಯಾವತ್ತೂ ತಿರುಗಿಸಿಲ್ಲ. ನಮ್ಮಮ್ಮ ತಿರುಗಿಸ್ತಿದ್ಲು. ಆಮೇಲೆ ನನ್ನ ತಂಗಿ ತಾರ್ಹೇಲಿಯಾ. ನನ್ನ ಹೆಸರಲ್ಲಿರೋ ಗೌರವ ಅವಳದು. ನಾನು ಬರೆಸ್ಕೊಂಡೆ" ಎಂದೆ. ಇಷ್ಟೇ. 

ತಾರ್ಹೇಲಿಯಾ, ಅವರು ಚಪ್ಪಾಳೆ ತಟ್ಟಿದರು. ಪೆರುವಿನ ಆ ತಂದೆ ತನ್ನ ಹೆಣ್ಣುಮಕ್ಕಳಿಗೆ, "ನೋಡಿ, ದೊಡ್ಡೋರು ಅಂದ್ರೆ ಹೀಗಿರ್ಬೇಕು. ಎಷ್ಟು ವಿನಯ!" ಎಂದ. ನೂಬಿಯಾ ಕಣ್ಣೊರೆಸಿಕೊಂಡಳು. "ಇಲ್ಲ, ನಿಜವಾಗ್ಲೂ ನಂಗೆ ಬರಲ್ಲ" ಎಂದೆ. ಇನ್ನೂ ಜೋರಾಗಿ ತಟ್ಟಿದರು. "ಸಾಕು ದೋನ್ ಅನಿಬಾಲ್, ನಾಚ್ಕೋಬೇಡಿ, ಶುರು ಮಾಡಿ!" ಎಂದು ಯಾರೋ ಕೂಗಿದರು.

ಎಪ್ಪತ್ತೊಂದು ವರ್ಷಕ್ಕೆ ಮೊದಲ ಬಾರಿ ನಾನು ಯಾವ ಅಲಂಕಾರವೂ ಇಲ್ಲದ ಮಾತನ್ನು ಆಡಿದ್ದೆ. ಅದನ್ನೇ ಎಲ್ಲಕ್ಕಿಂತ ದೊಡ್ಡ ಅಲಂಕಾರವೆಂದು ಅವರು ಸ್ವೀಕರಿಸಿದರು. ಅಲ್ಲಿಗೆ ನಿಲ್ಲಿಸಿ, ಮೈ ಸರಿಯಿಲ್ಲವೆಂದು ಕುಳಿತುಬಿಡಬಹುದಾಗಿತ್ತು. ಗುರುವೆಂಬ ಗೌರವ, ವಿನಯವಂತನೆಂಬ ಗೌರವ, ಎರಡೂ ಒಟ್ಟಿಗೆ ಉಳಿಯುತ್ತಿದ್ದವು. ಆ ಯೋಚನೆ ನನಗೆ ಬಂದಿತೆಂಬುದನ್ನೂ ಇಲ್ಲಿ ಮರೆಮಾಚುವುದಿಲ್ಲ.

ನಾನು ರಸವನ್ನು ಸುರಿದು ಬಾಣಲೆಗೆ ಕೈ ಹಚ್ಚಿದೆ. ಮುಂದಿನದನ್ನು ನೀನು ಕಂಡಿರಬೇಕು. ಬಾಣಲೆ ವಾಲಿತು, ಉಪ್ಪುನೀರು ಅಂಚು ಹಾರಿ ರಸದೊಳಗೆ ಬಿತ್ತು, ನಾನು ಗಾಬರಿಯಲ್ಲಿ ಇನ್ನೂ ವೇಗವಾಗಿ ತಿರುಗಿಸಿದೆ. ದೋನ್ಯಾ ರೊಸಾಲ್ಬಾ ಒಂದು ಚಮಚ ಬಾಯಿಗಿಟ್ಟು ಕರವಸ್ತ್ರಕ್ಕೆ ಉಗುಳಿ, "ದೇವ್ರೇ! ಇದು ಐಸ್‌ಕ್ರೀಮಲ್ಲ, ಸಮುದ್ರ!" ಎಂದರು. ಆಮೇಲೆ ನನ್ನ ಮುಖವನ್ನು ದಿಟ್ಟಿಸಿ, ದನಿ ತಗ್ಗಿಸಿ, "ಅಯ್ಯೋ, ನೀವು ನಿಜಾನೇ ಹೇಳ್ತಿದ್ರಲ್ರೀ!" ಎಂದರು.

ಆಗ ಹಜಾರದಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನಾನು ತಲೆಯೆತ್ತಿದಾಗ ನೀನು ನನ್ನ ಪಕ್ಕದಲ್ಲಿದ್ದೆ. "ಜರುಗು" ಎಂದೆ. ಹನ್ನೊಂದು ವರ್ಷಗಳಲ್ಲಿ ನೀನು ನನಗೆ ಆಡಿದ ಮಾತು ಅದೊಂದೇ.

ಉಳಿದ ದಿನವೆಲ್ಲ ನಾನು ಮಂಜುಗಡ್ಡೆ ಹೊತ್ತೆ. ಹಜಾರದ ಸದ್ದು ಇನ್ನೂ ಕಿವಿಯಲ್ಲಿದೆ: ಹತ್ತು ಬಾಣಲೆಗಳು, ಇಪ್ಪತ್ತು ಮನೆಗಳವರು, ನಡುವೆ ನೀನು ಗದರುವುದು. "ಏಯ್ ಡಾಕ್ಟ್ರಮ್ಮ, ನಾಡಿ ಹಿಡಿದಂಗೆ ಹಿಡೀಬೇಡ, ದಬ್ಬು!" ಒತವಾಲೊದ ನೇಕಾರನ ಮಡದಿಗೆ ಮೊದಲನೆಯ ಸುತ್ತಿನಲ್ಲೇ ಕೈ ಕೂಡಿತು, ನೀನು ಅವಳ ಬೆನ್ನು ತಟ್ಟಿದೆ. ನನಗೆ ಅಸೂಯೆಯಾಯಿತು.

ಸೋಮವಾರದಿಂದ ಅಂಗಡಿಯನ್ನು ತೆರೆದಿಲ್ಲ. ಬೀದಿಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ನಮಸ್ಕಾರವನ್ನು ಮಾತ್ರ ಸ್ವಲ್ಪ ಬೇಗ ಮುಗಿಸುತ್ತಾರೆ. ಅದನ್ನು ತಾಳಿಕೊಳ್ಳಬಲ್ಲೆ. ತಾಳಲಾಗದಿರುವುದು ಇದು: ನಾನು ಹೇಳಿದ್ದನ್ನು ನೀನು ಕೇಳಿದೆಯೋ, ಇಲ್ಲವೋ? ಕೇಳಿರದಿದ್ದರೆ, ನಿನ್ನ ಪಾಲಿಗೆ ನನ್ನ ಬಳಿ ಇರುವುದು ಮತ್ತೆ ಈ ಕಾಗದ ಮಾತ್ರ.

ನಿನ್ನ ಅಣ್ಣ

*

ಅಂಬುಕಿ
೨೪ ಅಕ್ಟೋಬರ್ ೨೦೧೨

ಅಣ್ಣ,

ಹತ್ತಕ್ಕೆ ಮೊದಲೇ ಬಂದಿದ್ದೆ. ಒಳಗೆ ಬರಲಿಲ್ಲ. ಕಿಟಕಿಯ ಪಕ್ಕದಲ್ಲಿ, ಗೋಡೆಗೆ ಆತುಕೊಂಡು ನಿಂತಿದ್ದೆ. ಎಲ್ಲ ಕೇಳಿಸಿತು.

ಚಪ್ಪಾಳೆಯೂ ಕೇಳಿಸಿತು. ಅದನ್ನು ಕೇಳಿ ನನ್ನ ಮೈ ಉರಿಯಿತು. ನೀನು ಸುಳ್ಳು ಹೇಳಿದಾಗಲೂ ಊರು ತಟ್ಟಿತು, ನಿಜ ಹೇಳಿದಾಗಲೂ ತಟ್ಟಿತು. ನನ್ನ ಹೆಸರನ್ನು ನೀನು ಬಾಯಿಬಿಟ್ಟು ಹೇಳಿದ ಆ ಗಳಿಗೆಯೂ ನಿನ್ನ ಹಿರಿಮೆಯ ಲೆಕ್ಕಕ್ಕೇ ಹೋಯಿತು. ನಾನು ಶಾಲಿನ ಗಂಟನ್ನು ಬಿಗಿಮಾಡಿಕೊಂಡು ಹೊರಟೆ. ಮೂಲೆಯ ಔಷಧದ ಅಂಗಡಿಯವರೆಗೆ ಹೋಗಿದ್ದೆ.

ಅಷ್ಟರಲ್ಲಿ ಬಾಣಲೆಯ ಸದ್ದು ಕೇಳಿತು. ಅಂಥ ಕೆಟ್ಟ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ, ಅಣ್ಣ. ಯಾರೋ ತಗಡಿನ ಮನೆಯನ್ನು ಬೀದಿಯಲ್ಲಿ ಎಳೆದುಕೊಂಡು ಹೋದಂತಿತ್ತು. ನಡುಬೀದಿಯಲ್ಲಿ ನಿಂತುಬಿಟ್ಟೆ. ನಿನಗೆ ಬರುವುದಿಲ್ಲವೆಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರು ನಿನ್ನನ್ನು ಬಿಟ್ಟುಬಿಟ್ಟಿದ್ದರು, ನೀನು ಕುಳಿತುಕೊಳ್ಳಬಹುದಾಗಿತ್ತು. ಆದರೂ ಕೈ ಹಾಕಿದೆ. ನೀನು ಹೇಳಿದ ಮಾತಿಗಾಗಿ ನಾನು ತಿರುಗಿ ಬರಲಿಲ್ಲ. ಆ ಸದ್ದಿಗಾಗಿ ಬಂದೆ.

ಎಲ್ಲ ಮರೆತೆನೆಂದು ಬರೆಯುವುದಿಲ್ಲ. ಮರೆತಿಲ್ಲ. ಹತ್ತೊಂಬತ್ತು ವರ್ಷ ನೀನು ನನ್ನನ್ನು ಈ ರಸ್ತೆಯ ಬದಿಯಲ್ಲಿ ಇಟ್ಟೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅದೇ ಸಿಟ್ಟಿತ್ತು, ಈಗಲೂ ಇದೆ. ಅರ್ಸೆನಿಯೊ, "ಅಣ್ಣ ಹೇಳಿದ್ನಲ್ಲೇ, ಇನ್ನೇನ್ ಬೇಕು ನಿಂಗೆ?" ಎಂದು ಕೇಳಿದ. ಏನು ಬೇಕೆಂದು ನನಗೂ ತಿಳಿಯಲಿಲ್ಲ. ಅವನ ಮೇಲೆ ಸೌಟು ಎಸೆದೆ.

ಆ ನೂಬಿಯಾ ನಿನ್ನೆ ಬಂದಿದ್ದಳು. ಹೆಸರು ಕೊಡಲಾಗದೆ ಉಳಿದ ಕುಟುಂಬಗಳಿಗಾಗಿ ಡಿಸೆಂಬರಿನಲ್ಲಿ ಇನ್ನೊಂದು ತರಗತಿಯಂತೆ. ಕಲಿಸಲು ಒಪ್ಪಿದ್ದೇನೆ. ನಿನ್ನ ಕಥೆಯೇನೆಂದು ಕೇಳಿದಳು. "ಮೊದ್ಲು ಅವನು ಕಲೀಲಿ" ಎಂದೆ.

ನಿನ್ನ ಮಣಿಕಟ್ಟು ಬಿಗಿಯಾಗಿದೆ. ಬರೆಯುವವನಂತೆ ಬಾಣಲೆಯನ್ನು ಹಿಡಿಯುತ್ತೀಯ, ಎರಡು ಬೆರಳಲ್ಲಿ. ಇಡೀ ಅಂಗೈ ಕೂಡಬೇಕು, ಚರ್ಮಕ್ಕೆ ತಂಪು ಸುಡಬೇಕು. ಅದನ್ನು ಸರಿಮಾಡಲು ತಿಂಗಳು ಬೇಕೋ, ವರ್ಷ ಬೇಕೋ, ಸರಿಹೋಗುವುದೋ ಇಲ್ಲವೋ, ಏನೂ ಹೇಳಲಾರೆ. ನಾನು ಒಳ್ಳೆಯ ಮಾತಿನ ಗುರುವಲ್ಲ. ಗುರುವಾರ ಲಾರಿಗಳು ಕಡಿಮೆ. ಬೆಳಿಗ್ಗೆ ಏಳಕ್ಕೆ ಮಂಜುಗಡ್ಡೆ ಬರುತ್ತದೆ. ಅದಕ್ಕೆ ಮೊದಲು ಹುಲ್ಲು ಹಾಸಿರಬೇಕು.

ಉತ್ತರ ಬರೆಯಬೇಡ. ಇನ್ನು ಮುಂದೆ ನಿನ್ನ ಹೆಸರಿನ ಲಕೋಟೆ ಬಂದರೆ ಬಿಚ್ಚದೆ ಕಂಡಕ್ಟರನ ಕೈಗೇ ಹಿಂದಿರುಗಿಸುತ್ತೇನೆ.

ನೀನೇ ಬಂದರೆ ಹಿಂದಿರುಗಿಸುವುದಿಲ್ಲ.

ತಾರ್ಹೇಲಿಯಾ